ಸಂಶೋಧನಾ ಕಮ್ಮಟಗಳು: ಮುದ್ರೆ ಮತ್ತು ಪ್ರಶ್ನೆ

‘ಕಮ್ಮಟ’ ಎಂಬ ಪದಕ್ಕೆ ನಾಣ್ಯ ಅಚ್ಚುಹಾಕುವ ಟಂಕಸಾಲೆ ಎಂಬ ಹಳೆಯ ಅರ್ಥವಿದೆ. ಪಿಎಚ್.ಡಿ. ವಿದ್ಯಾರ್ಥಿಗಳಿಗಾಗಿ ನಡೆಯುವ ಸಂಶೋಧನಾ ಕಮ್ಮಟಗಳನ್ನು ಕಂಡಾಗ ಆ ಅರ್ಥವೇ ಸರಿಯೆನಿಸುತ್ತದೆ. ಸಾಹಿತ್ಯ, ಸಮಾಜಶಾಸ್ತ್ರ, ವಾಣಿಜ್ಯ, ಯಾವ ವಿಷಯದವರೇ ಒಳಹೋಗಲಿ, ಹೊರಬರುವಾಗ ಎಲ್ಲರ ಮೇಲೂ ಒಂದೇ ಮುದ್ರೆ: ಉದ್ದೇಶ, ಪ್ರಾಕ್ಕಲ್ಪನೆ, ಮಾದರಿ ಆಯ್ಕೆ, ಉಪಸಂಹಾರ.

ಇವು ಹೆಚ್ಚಿದ್ದಕ್ಕೆ ಕಾರಣವಿದೆ. ಯುಜಿಸಿ 2009ರಲ್ಲಿ ಪಿಎಚ್.ಡಿ.ಗೆ ಕೋರ್ಸ್‌ವರ್ಕ್ ಕಡ್ಡಾಯ ಮಾಡಿತು. 2016ರ ನಿಯಮಾವಳಿ ಪ್ರಬಂಧ ಸಲ್ಲಿಸುವ ಮೊದಲು ಒಂದು ಲೇಖನ ಪ್ರಕಟಿಸಬೇಕು, ಎರಡು ಸಮ್ಮೇಳನಗಳಲ್ಲಿ ಮಂಡಿಸಬೇಕು ಎಂದಿತು. 2018ರಲ್ಲಿ ಕೃತಿಚೌರ್ಯದ ನಿಯಮ ಬಂತು, ಶೇ. 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ. ಪ್ರಕಟಣೆಯ ಕಡ್ಡಾಯವನ್ನು 2022ರಲ್ಲಿ ಕೈಬಿಡಲಾಯಿತು. ಆದರೆ ಪ್ರಮಾಣಪತ್ರ ಕೂಡಿಹಾಕುವ ಚಟ ಹೋಗಲಿಲ್ಲ.

ಇಲ್ಲಿ ಕಲಿಸುವುದೆಲ್ಲ ವ್ಯರ್ಥವೆಂದು ನಾನು ಹೇಳುವುದಿಲ್ಲ. ಓದುಬರಹದ ಹಿನ್ನೆಲೆಯ ಮನೆಯವರಿಗೆ ಅಡಿಟಿಪ್ಪಣಿ ಹಾಕುವುದು, ಗ್ರಂಥಾಲಯ ಬಳಸುವುದು ತಾನಾಗಿ ಬರಬಹುದು. ಕೂಲಿ ಕುಟುಂಬದಿಂದ ಬಂದು, ಕನ್ನಡ ಮಾಧ್ಯಮದಲ್ಲಿ ಓದಿ, ಮನೆತನದಲ್ಲೇ ಮೊದಲ ಬಾರಿಗೆ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದ ಹುಡುಗಿಗೆ ಇದನ್ನು ಹೇಳಿಕೊಡುವವರು ಯಾರು? ಕಮ್ಮಟ ಸೋತರೆ ನಷ್ಟ ಅವಳಿಗೇ. ಆದ್ದರಿಂದಲೇ ಅದನ್ನು ಕಟುವಾಗಿ ವಿಮರ್ಶಿಸಬೇಕು.

ಒಂದು ಕಮ್ಮಟದಲ್ಲಿ ತತ್ವಪದಗಳ ಮೇಲೆ ಕೆಲಸ ಮಾಡುತ್ತಿದ್ದ ವಿದ್ಯಾರ್ಥಿನಿ ಕೇಳಿದಳು: “ಗಾಯಕರು ಹಾಡುವುದೂ ಪುಸ್ತಕದಲ್ಲಿರುವುದೂ ಬೇರೆಬೇರೆ. ಯಾವುದನ್ನು ಪಾಠವೆಂದು ಹಿಡಿಯಲಿ?” ಸಂಪನ್ಮೂಲ ವ್ಯಕ್ತಿಗಳು, “ಮೊದಲು ನಿಮ್ಮ ಪ್ರಾಕ್ಕಲ್ಪನೆ ಬರೆಯಿರಿ” ಎಂದು ಮುಂದಿನ ಸ್ಲೈಡಿಗೆ ಹೋದರು. ಅವಳು ಕೇಳಿದ್ದು ಕನ್ನಡ ಸಂಶೋಧನೆಯ ದೊಡ್ಡ ಪ್ರಶ್ನೆ. ಡಿ.ಎಲ್. ನರಸಿಂಹಾಚಾರ್ ಅವರ ‘ಕನ್ನಡ ಗ್ರಂಥ ಸಂಪಾದನೆ’ ಓಲೆಗರಿಗಳ ಪಾಠಾಂತರಗಳ ತೊಡಕಿನಿಂದಲೇ ಹುಟ್ಟಿದ ವಿಧಾನ. ಆದರೆ ಬಾಯಿಂದ ಬಾಯಿಗೆ ಹರಿಯುವ ಹಾಡಿಗೆ ಒಂದೇ ಮೂಲಪಾಠವನ್ನು ಹುಡುಕುವುದು ಸರಿಯೇ? ಪ್ರತಿ ಹಾಡಿಕೆಯೂ ಒಂದು ಪಾಠವಲ್ಲವೇ? ಇದನ್ನು ಅರ್ಧ ದಿನ ಚರ್ಚಿಸಿದ್ದರೆ ಅಲ್ಲಿದ್ದವರೆಲ್ಲರಿಗೂ ವಿಧಾನವೆಂದರೇನೆಂದು ತಿಳಿಯುತ್ತಿತ್ತು. ಸಾಮಗ್ರಿ ಒಡ್ಡುವ ತೊಡಕಿನಿಂದ ವಿಧಾನ ಹುಟ್ಟಬೇಕೇ ಹೊರತು ಸ್ಲೈಡಿನಿಂದಲ್ಲ.

ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿಯ ನೆರವಿನ ಇಂಥ ಕೋರ್ಸುಗಳು ಹತ್ತು ದಿನ ನಡೆಯುತ್ತವೆ. ಹತ್ತು ದಿನ ಕಡಿಮೆಯೇನಲ್ಲ. ಉಪನ್ಯಾಸಗಳನ್ನು ಅರ್ಧಕ್ಕಿಳಿಸಿ, ಪ್ರತಿಯೊಬ್ಬರೂ ಬರೆದ ಹತ್ತು ಪುಟಗಳನ್ನು ಮೊದಲೇ ಹಂಚಿ, ಎಲ್ಲರೂ ಓದಿ ಬಂದು ಒಂದೊಂದು ಗಂಟೆ ಮಾತಾಡಬಹುದು. ಮಾರ್ಗದರ್ಶಕರೂ ಕೂತು ಕೇಳಲಿ. ಕನ್ನಡದಲ್ಲಿ ಯೋಚಿಸುವವರು ಕನ್ನಡದಲ್ಲೇ ವಾದಿಸಲಿ. ಇದಕ್ಕೆ ಹೆಚ್ಚಿನ ಹಣ ಬೇಡ. ವಿದ್ಯಾರ್ಥಿಯ ಬರಹವನ್ನು ಓದುವ ಹಿರಿಯರು ಬೇಕು.

ಹೋಲಿಕೆ ಎಣಿಸುವ ತಂತ್ರಾಂಶ, ಬರಹದಲ್ಲಿ ಬೇರೆಯವರ ಮಾತು ಎಷ್ಟಿದೆಯೆಂದು ಹೇಳಬಲ್ಲದು. ಅದರಲ್ಲಿ ಬರೆದವಳ ಮಾತು ಇದೆಯೇ ಎಂದು ಹೇಳಲು ಯಾರಾದರೂ ಅದನ್ನು ಓದಲೇಬೇಕು.