ಚರ್ಮ, ಹೆಸರು, ಸರ್ವನಾಮ: ಅಲ್ಮೊದೋವಾರರ ಒಂದು ಚಿತ್ರವನ್ನು ಕುರಿತು

ಸ್ಪೇನಿನ ನಿರ್ದೇಶಕ ಪೇದ್ರೊ ಅಲ್ಮೊದೋವಾರರ ‘ಲಾ ಪಿಯೆಲ್ ಕೆ ಅಬಿತೊ’ (2011) ಚಿತ್ರವನ್ನು ಕುರಿತ ಕನ್ನಡ ಬರಹಕ್ಕೆ ಮೊದಲು ಎದುರಾಗುವ ತೊಡಕು ಸರ್ವನಾಮದ್ದು. ತೊಲೆದೊ ನಗರದ ಹೊರವಲಯದ ಒಂದು ಬಂಗಲೆಯಲ್ಲಿ ಶಸ್ತ್ರವೈದ್ಯ ರೊಬೆರ್ತ್ ಲೆದ್ಗಾರ್ಡ್ (ಆಂತೋನಿಯೊ ಬಾಂದೆರಾಸ್) ವೆರಾ ಎಂಬ ಹೆಣ್ಣನ್ನು (ಎಲೆನಾ ಅನಾಯಾ) ಕೂಡಿಹಾಕಿದ್ದಾನೆ. ಕಾರು ಅಪಘಾತದಲ್ಲಿ ಸುಟ್ಟುಹೋದ ಹೆಂಡತಿಯ ನೆನಪಿನಲ್ಲಿ, ಬೆಂಕಿಗೂ ಸೊಳ್ಳೆಕಡಿತಕ್ಕೂ ಜಗ್ಗದ ಚರ್ಮವೊಂದನ್ನು ಅವನು ಹಂದಿಯ ಜೀವಕೋಶಗಳ ನೆರವಿನಿಂದ ರೂಪಿಸುತ್ತಿದ್ದಾನೆ. ಅರ್ಧ ಚಿತ್ರ ಸಾಗಿದ ಮೇಲಷ್ಟೇ ನೋಡುಗರಿಗೆ ನಿಜ ತಿಳಿಯುತ್ತದೆ: ವೆರಾ ಹುಟ್ಟಿನಿಂದ ವೆರಾ ಅಲ್ಲ, ಆರು ವರ್ಷಗಳ ಹಿಂದೆ ರೊಬೆರ್ತ್ ಅಪಹರಿಸಿದ ವಿಸೆಂತೆ (ಯಾನ್ ಕೊರ್ನೆತ್) ಎಂಬ ತರುಣ. ಮಗಳು ನೊರ್ಮಾಳ ಮೇಲೆ ಎರಗಿದವನು ಇವನೇ ಎಂಬುದು ತಂದೆಯ ಸೇಡಿಗೆ ಕಾರಣ.

ಕಥೆಯ ರಹಸ್ಯವಿರುವುದೇ ಇಲ್ಲಿ. ‘ಅವಳು’ ಎಂದರೆ ವೈದ್ಯನ ಕೈಕೆಲಸಕ್ಕೆ ಸಮ್ಮತಿ ಕೊಟ್ಟಂತೆ; ‘ಅವನು’ ಎಂದರೆ ಕಣ್ಣೆದುರಿನ ದೇಹವನ್ನು ಅಲ್ಲಗಳೆದಂತೆ. ‘ಅವರು’ ಎಂಬ ಗೌರವರೂಪ ಇಕ್ಕಟ್ಟನ್ನು ದಾಟಿಸುತ್ತದೆ, ಆದರೆ ಬಲಾತ್ಕಾರದ ಗುರುತನ್ನೂ ಅಳಿಸಿಬಿಡುತ್ತದೆ. ಗಡಿನಾಡಿನ ದ್ವಿಭಾಷಿಕರಿಗೆ ಈ ವ್ಯತ್ಯಾಸ ಬೇಗ ಹೊಳೆದೀತು. ಕನ್ನಡದಲ್ಲಿ ‘ನಾನು ಬಂದೆ’ ಎಂಬುದಕ್ಕೆ ಲಿಂಗವಿಲ್ಲ. ಸೊಲ್ಲಾಪುರದ ಮರಾಠಿಯಲ್ಲಿ ಅದೇ ಮಾತು ಗಂಡಿನದಾದರೆ ‘ಆಲೊ’, ಹೆಣ್ಣಿನದಾದರೆ ‘ಆಲೆ’. ಕಾಸರಗೋಡಿನ ಮಲಯಾಳಂ ಕ್ರಿಯಾಪದ ಪ್ರಥಮಪುರುಷದಲ್ಲಿಯೂ ಲಿಂಗವನ್ನು ಹೊರುವುದಿಲ್ಲ. ಕನ್ನಡದ ‘ಬಂದನು’, ‘ಬಂದಳು’ ಹೊರುತ್ತವೆ. ಅಂದರೆ ಒಬ್ಬರನ್ನು ಕುರಿತು ಮಾತಾಡುವಾಗ ಕನ್ನಡ ತೀರ್ಪು ಕೊಡಲೇಬೇಕು. ಅವರೇ ಮಾತಾಡುವಾಗ ಅದು ಸುಮ್ಮನಿರುತ್ತದೆ. ಚಿತ್ರದ ನೈತಿಕ ನಿಲುವೂ ಬಹುಮಟ್ಟಿಗೆ ಇದೇ.

ತಿಯೆರಿ ಜೊಂಕೆಯ ‘ಮಿಗಾಲ್’ (1984) ಎಂಬ ಫ್ರೆಂಚ್ ಕಾದಂಬರಿ ಚಿತ್ರದ ಆಕರ. ಜಾರ್ಜ್ ಫ್ರಾಂಜು 1960ರಲ್ಲಿ ತೆರೆಗೆ ತಂದ, ಮಗಳಿಗಾಗಿ ಪರಹೆಣ್ಣುಗಳ ಮುಖವನ್ನು ಕದಿಯುವ ವೈದ್ಯನ ಚಿತ್ರದ ನೆರಳೂ ಇದರ ಮೇಲಿದೆ. ಆದರೆ ಫ್ರಾಂಜುವಿನ ಕಪ್ಪು-ಬಿಳುಪಿನ ಚಳಿ ಇಲ್ಲಿಲ್ಲ. ಹೊಸೆ ಲೂಯಿಸ್ ಅಲ್ಕಾಯಿನೆಯ ಛಾಯಾಗ್ರಹಣ, ಆಲ್ಬೆರ್ತೊ ಇಗ್ಲೇಸಿಯಾಸರ ಸಂಗೀತ, ಗೋಡೆಯಲ್ಲಿ ತಿಶಿಯನ್ನನ ಪವಡಿಸಿದ ವೀನಸ್ಸಿನ ಪ್ರತಿಕೃತಿ: ಎಲ್ಲವೂ ನಯ, ಎಲ್ಲವೂ ಚೆಲುವು. ವೀನಸ್ಸಿನ ಭಂಗಿಯಲ್ಲೇ ಮಲಗಿದ ವೆರಾಳನ್ನು ರೊಬೆರ್ತ್ ದೊಡ್ಡ ಪರದೆಯ ಮೇಲೆ ನೋಡುವಾಗ ಪ್ರಯೋಗಶಾಲೆಗೂ ಕಲಾಶಾಲೆಗೂ ಅಂತರ ಉಳಿಯುವುದಿಲ್ಲ. 1947ರ ನ್ಯೂರೆಂಬರ್ಗ್ ಸಂಹಿತೆಯ ಮೊದಲ ಸೂತ್ರ ಪ್ರಯೋಗಕ್ಕೊಳಗಾಗುವವರ ಸ್ವಯಂಸಮ್ಮತಿ. ರೊಬೆರ್ತನ ಅಪರಾಧ ಆ ಸೂತ್ರದ ಉಲ್ಲಂಘನೆಯಷ್ಟೇ ಅಲ್ಲ. ಎದುರಿಗಿರುವುದು ಸಮ್ಮತಿ ಕೊಡಬಲ್ಲ ಜೀವವೆಂಬುದನ್ನೇ ಅವನು ಮರೆತಿದ್ದಾನೆ. ತಾನು ಕಡೆದ ಮೂರ್ತಿಯನ್ನೇ ಮೋಹಿಸಿ, ಅದು ತನ್ನನ್ನು ಒಲಿದಿದೆಯೆಂದು ನಂಬುವುದು ಅವನ ಪತನಕ್ಕೆ ದಾರಿಯಾಗುತ್ತದೆ.

ಚೆಲುವಿನ ಈ ಮೋಹಕ್ಕೆ ನಿರ್ದೇಶಕರೂ ಅಲ್ಲಲ್ಲಿ ಸೋತಿದ್ದಾರೆ. ನೊರ್ಮಾಳ ನೋವು ಸೇಡಿಗೆ ನೆಪವಾಗುತ್ತದೆಯೇ ಹೊರತು ಅನುಭವವಾಗಿ ಬೆಳೆಯುವುದಿಲ್ಲ. ಆಕೆಯ ಆತ್ಮಹತ್ಯೆಯನ್ನು ಕಥೆ ಅವಸರದಲ್ಲಿ ದಾಟುತ್ತದೆ. ವಿಸೆಂತೆಯ ತಪ್ಪೇನು, ಎಷ್ಟು ಎಂಬ ಪ್ರಶ್ನೆಯೂ ಅವನ ಮೇಲಿನ ಕ್ರೌರ್ಯದ ಅಗಾಧತೆಯಲ್ಲಿ ಮುಳುಗಿಹೋಗುತ್ತದೆ. ಸ್ವಂತ ಇಚ್ಛೆಯಿಂದ ಲಿಂಗಪರಿವರ್ತನೆ ಬಯಸುವವರ ಬದುಕಿಗೂ ಈ ಬಲವಂತದ ಶಸ್ತ್ರಕ್ರಿಯೆಗೂ ಇರುವ ಭೇದವನ್ನು ಚಿತ್ರ ಬಾಯಿಬಿಟ್ಟು ಹೇಳುವುದಿಲ್ಲ. ಅದು ನೋಡುಗರ ವಿವೇಕಕ್ಕೆ ಬಿಟ್ಟ ಭಾರ.

ಆದರೂ ಕೊನೆಯ ದೃಶ್ಯ ಈ ಕೊರತೆಗಳನ್ನು ಮೀರಿ ನಿಲ್ಲುತ್ತದೆ. ಪತ್ರಿಕೆಯಲ್ಲಿ ತನ್ನ ಹಳೆಯ ಭಾವಚಿತ್ರವನ್ನು ಕಂಡ ವೆರಾ ರೊಬೆರ್ತನನ್ನು ಕೊಂದು, ತಾಯಿಯ ಬಟ್ಟೆಯಂಗಡಿಗೆ ಮರಳುತ್ತಾಳೆ. ಎದುರಿಗೆ ನಿಂತ ತಾಯಿಗೆ ಗುರುತು ಹತ್ತುವುದಿಲ್ಲ. ಮುಖ ಹೋಗಿದೆ, ಮೈ ಹೋಗಿದೆ. ಉಳಿದಿರುವುದು ತನ್ನ ಹೆಸರನ್ನು ತಾನೇ ಹೇಳಿಕೊಳ್ಳುವ ಒಂದು ಪುಟ್ಟ ವಾಕ್ಯ. ‘ನಾನು’ ಎಂಬುದಕ್ಕೂ ಹೆಸರಿಗೂ ನಡುವೆ ಅಲ್ಲಿ ವೈದ್ಯನ ಕೈ ತಲುಪುವ ಜಾಗವಿಲ್ಲ. ತಾಯಿ ಏನೆಂದು ಕರೆದಳೆಂಬುದನ್ನು ಚಿತ್ರ ತೋರಿಸುವುದಿಲ್ಲ. ಸರ್ವನಾಮವನ್ನು ಆರಿಸುವ ಹಕ್ಕು ಹೇಳುವವರದೋ ಕೇಳುವವರದೋ ಎಂಬ ಪ್ರಶ್ನೆಯನ್ನು ತೆರೆದಿಟ್ಟೇ ಪರದೆ ಕತ್ತಲಾಗುತ್ತದೆ.