ಪ್ರಶಸ್ತಿ ಯಾರ ಹೆಜ್ಜೆಗೆ?

ಹಾಡು, ಕುಣಿತ ಎರಡರಿಂದಲೂ ಕಟ್ಟಿದ ನಮ್ಮ ಆಟಗಳಲ್ಲಿ ಒಂದನ್ನು ಆರಿಸಿ, ಅದರ ಕುಣಿತಕ್ಕಷ್ಟೇ ಪ್ರಶಸ್ತಿ ಕೊಡಬೇಕೆಂದರೆ ಯಾವುದಕ್ಕೆ ಕೊಡುತ್ತೀರಿ? ಹಾಡಿನ ಸೊಗಸು, ಕಥೆಯ ಕಸುವು, ಮಾತಿನ ಚುರುಕು ಇವನ್ನೆಲ್ಲ ಬದಿಗಿಟ್ಟು, ಬರೀ ಹೆಜ್ಜೆಯನ್ನು ನೋಡಿ ಹೇಳಬೇಕು. ನವಲಗುಂದ, ಅಣ್ಣಿಗೇರಿಯ ಎರಿ ಹೊಲದ ಊರುಗಳಿಂದ ಹಿಡಿದು ಕಲಘಟಗಿಯ ಅರೆಮಲೆನಾಡಿನವರೆಗೆ ಆಟ ನೋಡಿ ಬೆಳೆದವರ ನಡುವೆ ಈ ಚರ್ಚೆ ಎದ್ದರೆ ಮೂರು ಹೆಸರು ಮೇಲೆ ಬರುತ್ತವೆ: ದೊಡ್ಡಾಟ, ಶ್ರೀಕೃಷ್ಣ ಪಾರಿಜಾತ, ಸಂಗ್ಯಾ ಬಾಳ್ಯಾ. ನನ್ನ ಮತ ಮೂರನೆಯದಕ್ಕೆ. ಯಾಕೆ ಎಂಬುದನ್ನು ಹೇಳುವ ಮೊದಲು, ಇಂಥ ಪ್ರಶಸ್ತಿ ಏನನ್ನು ಅಳೆಯುತ್ತದೆ ಎಂದು ನೋಡಬೇಕು.

ಅಮೆರಿಕದ ಟೋನಿ ಪ್ರಶಸ್ತಿಗಳು 1947ರಲ್ಲಿ ಶುರುವಾದಾಗಲೇ ನೃತ್ಯ ಸಂಯೋಜನೆಗೆ ಬೇರೆಯಾಗಿ ಒಂದು ಪ್ರಶಸ್ತಿ ಇತ್ತು. ಆ ವರ್ಷ ಅದನ್ನು ಇಬ್ಬರು ಹಂಚಿಕೊಂಡರು: 'ಬ್ರಿಗಡೂನ್' ಸಂಗೀತ ನಾಟಕಕ್ಕಾಗಿ ಆಗ್ನೆಸ್ ಡಿ ಮಿಲ್, 'ಫಿನಿಯನ್ಸ್ ರೇನ್‌ಬೋ'ಗಾಗಿ ಮೈಕೇಲ್ ಕಿಡ್. 1958ರಲ್ಲಿ ಇನ್ನೂ ಸ್ವಾರಸ್ಯದ ಸಂಗತಿ ನಡೆಯಿತು. ಆ ವರ್ಷದ ಅತ್ಯುತ್ತಮ ಸಂಗೀತ ನಾಟಕವೆಂದು ಆಯ್ಕೆಯಾದದ್ದು 'ದಿ ಮ್ಯೂಸಿಕ್ ಮ್ಯಾನ್'. ಆದರೆ ಕುಣಿತದ ಪ್ರಶಸ್ತಿ ಹೋದದ್ದು 'ವೆಸ್ಟ್ ಸೈಡ್ ಸ್ಟೋರಿ'ಯ ಜೆರೋಮ್ ರಾಬಿನ್ಸ್‌ಗೆ. ನಾಟಕ ಬೇರೆ, ಅದರೊಳಗಿನ ಕುಣಿತ ಬೇರೆ, ಎರಡನ್ನೂ ಬೇರೆ ಬೇರೆ ಕಣ್ಣಿನಿಂದ ನೋಡಬಹುದು ಎಂದು ತೀರ್ಪುಗಾರರು ಒಪ್ಪಿಕೊಂಡಂತಾಯಿತು. ನಮ್ಮಲ್ಲೂ ದೆಹಲಿಯಲ್ಲಿ 2006ರಿಂದ ಕೊಡುತ್ತಿರುವ ಮಹೀಂದ್ರ ರಂಗಪ್ರಶಸ್ತಿಗಳಲ್ಲಿ ನೃತ್ಯ ಸಂಯೋಜನೆಗೆ ಒಂದು ವಿಭಾಗವಿದೆ.

ಬಯಲಾಟದ ಲೋಕದಲ್ಲಿ ಪ್ರಶಸ್ತಿಯ ದಾರಿಯೇ ಬೇರೆ. ಬಾಗಲಕೋಟೆಯ ಕರ್ನಾಟಕ ಬಯಲಾಟ ಅಕಾಡೆಮಿಯಾಗಲಿ, ಇತರ ಅಕಾಡೆಮಿಗಳಾಗಲಿ ಕಲಾವಿದರ ಜೀವಮಾನದ ದುಡಿಮೆಯನ್ನು ನೋಡಿ ಗೌರವಿಸುತ್ತವೆ. ಅದು ಸರಿಯೇ. ಆದರೆ ಹಾಗೆ ಇಡೀ ಬದುಕನ್ನು ಒಟ್ಟಿಗೆ ಹೊಗಳುವಾಗ, ಇಂಥ ಆಟದ ಇಂಥ ಸನ್ನಿವೇಶದಲ್ಲಿ ಈ ಹೆಜ್ಜೆ ಯಾಕೆ ಬಂತು ಎಂದು ಯಾರೂ ಕೇಳುವುದಿಲ್ಲ. ಕೇಳದೆ ಇರುವುದರಿಂದ ಒಂದು ನಷ್ಟವಿದೆ. ರಾತ್ರಿಯಿಡೀ ನಡೆಯುವ ಆಟವನ್ನು ಒಂದೆರಡು ಗಂಟೆಗೆ ಇಳಿಸಬೇಕಾದಾಗ ಹಾಡನ್ನು ಉಳಿಸುತ್ತಾರೆ, ಮಾತನ್ನು ಉಳಿಸುತ್ತಾರೆ; ಮೊದಲು ಕತ್ತರಿ ಬೀಳುವುದು ಕುಣಿತಕ್ಕೆ. ಅದು ಕಥೆಗೆ ಬೇಕಿಲ್ಲದ ಅಲಂಕಾರ ಎಂಬ ನಂಬಿಕೆ ನಮ್ಮೊಳಗೆ ಕೂತಿದೆ. ಆದ್ದರಿಂದ ನನ್ನ ಒರೆಗಲ್ಲು ಇದು: ಕುಣಿತವನ್ನು ತೆಗೆದುಬಿಟ್ಟರೆ ಆಟದಲ್ಲಿ ಏನು ಸಾಯುತ್ತದೆ?

ದೊಡ್ಡಾಟದಿಂದ ಶುರು ಮಾಡೋಣ. ಕಣ್ಣಿಗೆ ಮೊದಲು ಹೊಡೆಯುವುದು ಅದೇ. ಎತ್ತರದ ಅಟ್ಟ, ತಲೆಯ ಮೇಲೆ ಕಿರೀಟ, ಹೆಗಲಿಗೆ ಭುಜಕೀರ್ತಿ, ಕಾಲಿಗೆ ಗೆಜ್ಜೆ. ಅಷ್ಟು ಭಾರ ಹೊತ್ತು ಮದ್ದಳೆಯ ಪೆಟ್ಟಿಗೆ ನೆಲ ಅದುರುವಂತೆ ಹೆಜ್ಜೆ ಇಡುವುದು ಸಣ್ಣ ಮಾತಲ್ಲ. ರಾಜನ ಹೆಜ್ಜೆ ಬೇರೆ, ರಕ್ಕಸನದು ಬೇರೆ, ಸ್ತ್ರೀಪಾತ್ರದ್ದು ಬೇರೆ. ಸಾರಥಿ ಬಂದು 'ತಾವು ದಾರು' ಎಂದು ಕೇಳುವ ಮುಂಚೆಯೇ ಬಂದವನು ಯಾರೆಂದು ಕಾಲು ಹೇಳಿಬಿಟ್ಟಿರುತ್ತದೆ. ಮೈಕಟ್ಟು, ದಮ್ಮು, ತಾಳದ ಹಿಡಿತ ಇವುಗಳನ್ನೇ ಅಳೆದರೆ ಪ್ರಶಸ್ತಿ ದೊಡ್ಡಾಟಕ್ಕೇ ಸಲ್ಲಬೇಕು. ಆದರೆ ಅಲ್ಲಿ ಕುಣಿತಕ್ಕೆ ಎರಡೇ ದೊಡ್ಡ ಕೆಲಸ: ಪಾತ್ರ ಬಂದಾಗ, ಮತ್ತು ಯುದ್ಧವಾದಾಗ. ಅದು ಬಂದವನು ಎಂಥವನು ಎಂಬುದನ್ನು ತೋರಿಸುತ್ತದೆ, ಅವನ ಒಳಗೆ ಏನಾಗುತ್ತಿದೆ ಎಂಬುದನ್ನು ಪದಕ್ಕೆ ಮತ್ತು ಮಾತಿಗೆ ಬಿಡುತ್ತದೆ. ಕುಣಿತ ತೆಗೆದರೆ ಗಾಂಭೀರ್ಯ ಹೋಗುತ್ತದೆ. ಕಥೆ ಕುಂಟುತ್ತಾದರೂ ನಡೆಯುತ್ತದೆ.

ಪಾರಿಜಾತದ ವಿಷಯದಲ್ಲಿ ನಾವು ಧಾರವಾಡದವರು ಪಕ್ಷಪಾತಿಗಳು. ಅಪರಾಳ ತಮ್ಮಣ್ಣ ಬರೆದು, ಕುಲಗೋಡ ತಮ್ಮಣ್ಣ ರಂಗಕ್ಕೆ ಒಗ್ಗಿಸಿದ ಈ ಆಟ ಹಾಡಿನ ಆಟ. ಕೌಜಲಗಿ ನಿಂಗಮ್ಮನವರನ್ನು ಜನ ಇಂದಿಗೂ ನೆನೆಯುವುದು ಅವರ ಕಂಠಕ್ಕೆ, ಮಾತಿನ ಮೊನಚಿಗೆ. ಇದು ಹಾಡು ಕೇಳಿ ಪಳಗಿದ ಸೀಮೆ. ಕುಂದಗೋಳದ ಸವಾಯಿ ಗಂಧರ್ವರು ಮರಾಠಿ ಸಂಗೀತ ನಾಟಕಗಳಲ್ಲಿ ಹಾಡಿ ನಟಿಸಿದವರು. ಅವರ ಬಳಿ ಕಲಿತ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಈ ನೆಲದ ಕಿವಿಯನ್ನು ತಿದ್ದಿದರು. ಸಂಗೀತ ನಾಟಕದಲ್ಲಿ ನಟ ನಿಂತು ಹಾಡುತ್ತಾನೆ. ಹಾಡು ಏರುತ್ತಿದ್ದಂತೆ ಮೈ ಸುಮ್ಮನಾಗುತ್ತದೆ, ಜನ 'ವಾಹ್' ಅನ್ನುತ್ತಾರೆ. ಆ ರೂಢಿ ನಮ್ಮನ್ನು ಒಳ್ಳೆಯ ಕೇಳುಗರನ್ನಾಗಿ ಮಾಡಿದೆ, ಕಾಲು ನೋಡುವುದನ್ನು ಮರೆಸಿದೆ. ಪಾರಿಜಾತದಲ್ಲೂ ನಾವು ಭಾಮೆಯ ಹಾಡಿಗೆ ಕಿವಿ ಕೊಟ್ಟು ಕೂಡುತ್ತೇವೆ.

ಆದರೂ ಅಲ್ಲಿ ಕಣ್ಣಿಗೇ ಮೀಸಲಾದ ಒಂದು ಜಾಗ ಇದೆ. ಕೃಷ್ಣ ಕೊರವಂಜಿಯ ವೇಷ ಹಾಕಿ ಭಾಮೆಯ ಮುಂದೆ ಬರುವಾಗ, ನಟ ಒಂದೇ ನಡಿಗೆಯಲ್ಲಿ ಇಬ್ಬರನ್ನು ತೋರಿಸಬೇಕು. ಭಾಮೆಗೆ ಕೊರವಿ ಕಾಣಬೇಕು, ನಮಗೆ ಕೃಷ್ಣ ಕಾಣಬೇಕು. ಆ ನಡಿಗೆ ತಪ್ಪಿದರೆ ತಮಾಷೆಯೇ ಇಲ್ಲ. ಅಷ್ಟು ಹೊತ್ತು ಪಾರಿಜಾತ ನನ್ನ ಒರೆಗಲ್ಲಿನ ಮೇಲೆ ಹೊಳೆಯುತ್ತದೆ. ಆದರೆ ಅದು ಒಬ್ಬ ನಟನ ಜಾಣ್ಮೆ. ಇಡೀ ಆಟದ ಹೆಜ್ಜೆಯ ಕಟ್ಟಡ ಅಲ್ಲಿಲ್ಲ.

ಇನ್ನು ಸಂಗ್ಯಾ ಬಾಳ್ಯಾ. ಬೈಲಹೊಂಗಲದ ಕಡೆ ನಿಜವಾಗಿ ನಡೆದ ಕೊಲೆಯೊಂದನ್ನು ಹಿಡಿದು ಹುಟ್ಟಿದ ಸಣ್ಣಾಟ ಇದು. ದೇವರಿಲ್ಲ, ರಾಜರಿಲ್ಲ, ನಮ್ಮ ಓಣಿಯಲ್ಲೇ ಇರುವಂಥ ಜನ. ಸಂಗ್ಯಾ ಪರರ ಹೆಂಡತಿ ಗಂಗಾಳಿಗೆ ಮನಸೋಲುತ್ತಾನೆ, ಗೆಳೆಯ ಬಾಳ್ಯಾ ಜೊತೆಗಿರುತ್ತಾನೆ, ಕೊನೆಗೆ ಹಣಕ್ಕೆ ಬಿದ್ದ ಅದೇ ಬಾಳ್ಯಾ ಗೆಳೆಯನನ್ನು ಹಗೆಗಳ ಕೈಗೆ ಒಪ್ಪಿಸುತ್ತಾನೆ. ವೇಷ ಸರಳ: ಧೋತರ, ಅಂಗಿ, ರುಮಾಲು. ಹೆಜ್ಜೆಯೂ ಸರಳ. ಪಾತ್ರಧಾರಿ ಪದದ ಸಾಲು ಹಾಡುತ್ತಾನೆ, ಹಿಂದೆ ನಿಂತ ಮೇಳ ಅದನ್ನು ಎತ್ತಿಕೊಳ್ಳುತ್ತದೆ, ದಪ್ಪು ತಾಳಗಳ ಪೆಟ್ಟಿಗೆ ಆತ ರಂಗವನ್ನು ಒಂದು ಸುತ್ತು ಹಾಕಿ ಮತ್ತೆ ಮುಂದೆ ಬರುತ್ತಾನೆ. ದೊಡ್ಡಾಟ ನೋಡಿದ ಕಣ್ಣಿಗೆ ಇದು ಕುಣಿತವೇ ಅಲ್ಲ ಅನ್ನಿಸಬಹುದು.

ಆ ಸುತ್ತು ಏನೇನು ಮಾಡುತ್ತದೆ ಎಂದು ಗಮನಿಸಿ. ಮನೆಯಿಂದ ಪೇಟೆಗೆ ಹೋಗಲು ಒಂದು ಸುತ್ತು. ಪರದೆ ಎಳೆಯಬೇಕಿಲ್ಲ, ದೀಪ ಆರಿಸಬೇಕಿಲ್ಲ. ಒಂದು ಹಗಲು ಕಳೆಯಲು ಒಂದು ಸುತ್ತು. ಹೇಳಲೋ ಬೇಡವೋ ಎಂದು ಮನಸ್ಸು ತೂಗುವುದಕ್ಕೂ ಒಂದು ಸುತ್ತು. ಸಂಗ್ಯಾ, ಬಾಳ್ಯಾ ಇಬ್ಬರೂ ಕೂಡಿ ಸುತ್ತು ಹಾಕುವಾಗ ಹೆಗಲಿಗೆ ಹೆಗಲು ತಾಗುವ ಹಾಗೆ, ಒಬ್ಬನ ಬಲಗಾಲು ಎದ್ದಾಗ ಇನ್ನೊಬ್ಬನದೂ ಬಲಗಾಲೇ ಏಳುವ ಹಾಗೆ ನಡೆಯುತ್ತಾರೆ. ಗೆಳೆತನ ಎಂಥದು ಎಂದು ಆಟ ವಿವರಿಸುವ ಗೋಜಿಗೆ ಹೋಗುವುದಿಲ್ಲ. ಇಬ್ಬರ ಹೆಜ್ಜೆ ಕೂಡಿದೆ, ಅಷ್ಟೇ ಸಾಕು.

ಈಗ ಕೊನೆಯ ಭಾಗಕ್ಕೆ ಬನ್ನಿ. ಬಾಳ್ಯಾನ ಮನಸ್ಸು ಕೆಟ್ಟಿದೆ. ನೋಡುವ ನಮಗೆ ಅದು ಗೊತ್ತು, ಸಂಗ್ಯಾನಿಗೆ ಗೊತ್ತಿಲ್ಲ. ಇಬ್ಬರೂ ಹೊರಡುತ್ತಾರೆ. ಒಳ್ಳೆಯ ತಂಡ ಇಲ್ಲಿ ಹೆಜ್ಜೆಯನ್ನು ಬದಲಿಸುವುದಿಲ್ಲ. ಅದೇ ಸುತ್ತು, ಅದೇ ಪೆಟ್ಟು, ಹೆಗಲಿಗೆ ಹೆಗಲು, ಬಲಗಾಲಿಗೆ ಬಲಗಾಲು. ಬಾಳ್ಯಾನ ಕಾಲು ಒಂದು ಸಲ ತಡವರಿಸಿದ್ದರೂ ನಮಗೆ ಸಮಾಧಾನವಾಗುತ್ತಿತ್ತು, ಇವನಿಗೂ ಕರುಳು ಇದೆ ಅನ್ನಬಹುದಿತ್ತು. ಅದು ತಡವರಿಸುವುದಿಲ್ಲ. ಹೆಜ್ಜೆ ಕೂಡಿರುವುದೇ ಈಗ ದ್ರೋಹ. ರಾತ್ರಿಯೆಲ್ಲ ನಾವು ಗೆಳೆತನ ಎಂದು ಓದಿಕೊಂಡ ಹೆಜ್ಜೆಯನ್ನೇ ಆಟ ನಮ್ಮ ವಿರುದ್ಧ ತಿರುಗಿಸುತ್ತದೆ. ಕಟ್ಟೆಯ ಮೇಲೆ ಕೂತ ಮುದುಕಿಯರು ಬಾಳ್ಯಾನಿಗೆ ಬೈಯಲು ಶುರುಮಾಡುವುದು ಇಂಥ ಹೊತ್ತಿನಲ್ಲೇ. ಈ ಸುತ್ತನ್ನು ಕತ್ತರಿಸಿ, ಬರೀ ಮಾತಿನಲ್ಲಿ ಕೊಲೆಯ ಸುದ್ದಿ ಹೇಳಿದರೆ ಕಥೆ ತಿಳಿಯುತ್ತದೆ, ದ್ರೋಹ ತಿಳಿಯುವುದಿಲ್ಲ.

ನಗರದ ರಂಗಮಂದಿರಗಳಲ್ಲಿ ಈ ಆಟವನ್ನು ಎತ್ತಿಕೊಂಡವರು ಸಾಮಾನ್ಯವಾಗಿ ಈ ಭಾಗವನ್ನು 'ಸಂಯೋಜಿಸಲು' ಹೋಗುತ್ತಾರೆ: ಬೆಳಕು ಕೆಂಪಾಗುತ್ತದೆ, ನಡಿಗೆ ನಿಧಾನವಾಗುತ್ತದೆ, ಬಾಳ್ಯಾ ಮುಖ ತಿರುಗಿಸಿ ಪ್ರೇಕ್ಷಕರತ್ತ ನೋಡುತ್ತಾನೆ. ಪ್ರಶಸ್ತಿಯ ತೀರ್ಪುಗಾರರಿಗೆ ಅಂಥದ್ದು ಬೇಗ ಕಣ್ಣಿಗೆ ಬೀಳುತ್ತದೆ. ಬಯಲಾಟದ ಹೆಜ್ಜೆಯನ್ನು ನಗರಕ್ಕೆ ತರುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಚಂದ್ರಶೇಖರ ಕಂಬಾರರ 'ಜೋಕುಮಾರಸ್ವಾಮಿ'ಯನ್ನು ಬಿ.ವಿ. ಕಾರಂತರು ರಂಗಕ್ಕೆ ತಂದಾಗ ಆಧುನಿಕ ಕನ್ನಡ ರಂಗಭೂಮಿಯ ಮೈಗೇ ಹೊಸ ಕಸುವು ಬಂತು. ಆದರೆ ಬದಲಿಸದೆ ಉಳಿಸಿಕೊಂಡ ಹೆಜ್ಜೆಯೂ ಒಂದು ಆಯ್ಕೆ ಎಂಬುದನ್ನು ಗುರುತಿಸದಿದ್ದರೆ, ನಾವು ಕುಣಿತವನ್ನು ನೋಡುತ್ತಿಲ್ಲ, ಬೆಳಕನ್ನು ನೋಡುತ್ತಿದ್ದೇವೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಬಲವಾದದ್ದೇ. ಆ ಸುತ್ತು ಸಂಗ್ಯಾ ಬಾಳ್ಯಾದ ಸ್ವಂತ ಆಸ್ತಿಯಲ್ಲ. ಸಣ್ಣಾಟಗಳಿಗೆಲ್ಲ ಹೊಂದುವ ಹೆಜ್ಜೆ. ರಾಧಾನಾಟದಲ್ಲೂ ಸುತ್ತು ಇದೆ. ಮೊಹರಂನಲ್ಲಿ ಅಲಾಯಿ ಗುಂಡಿಯ ಸುತ್ತ ಹಿಂದೂ ಮುಸ್ಲಿಮರೆನ್ನದೆ ಹಾಕುವ ಹೆಜ್ಜೆ, ಹೋಳಿಯಲ್ಲಿ ಜಗ್ಗಲಗಿಯ ಬಡಿತಕ್ಕೆ ಏಳುವ ಕಾಲು, ಇವೆಲ್ಲ ಅದರ ನೆಂಟರೇ. ತಾಲೀಮಿಗೆ ಬರುವ ಹುಡುಗರ ಕಾಲು ಅರ್ಧ ಕಲಿತೇ ಬಂದಿರುತ್ತದೆ. ಹಾಗಿದ್ದಮೇಲೆ ಯಾರೂ ಸಂಯೋಜಿಸದ ಹೆಜ್ಜೆಗೆ ಸಂಯೋಜನೆಯ ಪ್ರಶಸ್ತಿ ಹೇಗೆ?

ಇದಕ್ಕೆ ಉತ್ತರ ಕುಂದಗೋಳದಲ್ಲೇ ಇದೆ. ಸವಾಯಿ ಗಂಧರ್ವರ ಪುಣ್ಯತಿಥಿಯ ಸಂಗೀತೋತ್ಸವದಲ್ಲಿ ಕೂತು, 'ಈ ರಾಗ ಇವರು ಮಾಡಿದ್ದಲ್ಲ, ಆದ್ದರಿಂದ ಇವರಿಗೆ ಹೆಚ್ಚುಗಾರಿಕೆ ಇಲ್ಲ' ಎಂದು ಯಾರಾದರೂ ಅಂದರೆ ಜನ ನಗುತ್ತಾರೆ. ರಾಗ ಎಲ್ಲರದು, ಯಾವ ಸ್ವರದ ಮೇಲೆ ಎಷ್ಟು ಹೊತ್ತು ನಿಲ್ಲಬೇಕು ಎಂಬ ನಿರ್ಧಾರ ಹಾಡುವವನದು. ಹಾಡಿಗೆ ಕೊಟ್ಟ ಈ ನ್ಯಾಯವನ್ನು ನಾವು ಕುಣಿತಕ್ಕೆ ಕೊಟ್ಟಿಲ್ಲ. ಸುತ್ತು ಎಲ್ಲರದು. ಎಲ್ಲಿ ಒಂದೇ ಸುತ್ತು ಸಾಕು, ಎಲ್ಲಿ ಮೂರು ಬೇಕು, ಎಲ್ಲಿ ಬದಲಿಸಲೇಬಾರದು ಎಂದು ನಿರ್ಧರಿಸುವವನೊಬ್ಬ ಇದ್ದಾನೆ. ಅವನೇ ಆಟ ಕಲಿಸುವ ಮಾಸ್ತರ. ಹಗಲು ಹೊಲದ ಕೆಲಸ ಮುಗಿಸಿ ಬಂದ ಹುಡುಗರನ್ನು ರಾತ್ರಿ ಗುಡಿಯ ಮುಂದೆ ನಿಲ್ಲಿಸಿ, 'ತಮ್ಮಾ, ಪದಾ ಆಮ್ಯಾಲೆ, ಮೊದ್ಲ ದಪ್ಪಿನ ಪೆಟ್ಟ ಕೇಳು' ಎನ್ನುವವನು. ಹಳ್ಳಿಯ ಮಾತಿನಲ್ಲಿ ನೃತ್ಯ ಸಂಯೋಜಕ ಎಂಬ ಶಬ್ದವಿಲ್ಲ, ಯಾಕೆಂದರೆ ಪದ, ಮಾತು, ಹೆಜ್ಜೆ ಮೂರೂ ಮಾಸ್ತರ ಎಂಬ ಒಂದೇ ಶಬ್ದದೊಳಗೆ ಇವೆ.

ಸಂಗ್ಯಾ ಬಾಳ್ಯಾದ ಬಗ್ಗೆ ನನಗೆ ಒಂದು ತಕರಾರು ಇದೆ. ಗೆಳೆಯರಿಬ್ಬರಿಗೆ ಇಷ್ಟು ಅರ್ಥದ ಹೆಜ್ಜೆ ಕೊಟ್ಟ ಆಟ ಗಂಗಾಳಿಗೆ ಅದನ್ನು ಕೊಟ್ಟಿಲ್ಲ. ಅವಳ ಪದಗಳಲ್ಲಿ ನೋವಿದೆ, ಆಸೆಯಿದೆ. ಅವಳ ಕಾಲಿಗೆ ಮಾತ್ರ ಬರೀ ಬೆಡಗು. ಈಗೀಗ ಸ್ತ್ರೀಪಾತ್ರಕ್ಕೆ ಹೊರಗಿನಿಂದ ಕರೆಸುವ ಕಲಾವಿದೆಗೆ ಊರಿನ ತಂಡದೊಡನೆ ತಾಲೀಮು ಮಾಡಲು ಬಿಡುವೇ ಸಿಗದಿದ್ದಾಗ ಆ ಕೊರತೆ ಇನ್ನೂ ಎದ್ದು ಕಾಣುತ್ತದೆ. ಜೊತೆಗೆ ಮೈಕು. ರಂಗದ ನಡುವೆ ಕಂಬದಂತೆ ನಿಂತ ಮೈಕಿನ ಮುಂದೆ ಬಂದು ಹಾಡಲೇಬೇಕಾದಾಗ ಸುತ್ತು ತುಂಡಾಗುತ್ತದೆ, ಇಬ್ಬರ ಹೆಗಲು ಬೇರೆಯಾಗುತ್ತದೆ. ಆಮೇಲೆ ಕೊನೆಯ ಸುತ್ತಿಗೆ ಯಾವ ಅರ್ಥವೂ ಉಳಿಯುವುದಿಲ್ಲ.

ಆದ್ದರಿಂದಲೇ ಈ ಪ್ರಶಸ್ತಿ ಬೇಕು ಅನ್ನುತ್ತೇನೆ. ಹಣಕ್ಕೆ, ಶಾಲಿಗೆ ಅಲ್ಲ. 'ಈ ಆಟದಲ್ಲಿ ಹೆಜ್ಜೆ ಕಥೆ ಹೇಳಿದೆ' ಎಂದು ಒಂದು ಸಾಲು ಬಿನ್ನವತ್ತಳೆಯಲ್ಲಿ ಬಂದರೆ, ಮುಂದಿನ ಸಲ ಆಟವನ್ನು ಕಡಿತ ಮಾಡುವವನ ಕೈ ಅಲ್ಲಿ ಒಂದು ಗಳಿಗೆ ನಿಂತೀತು. ತೀರ್ಪುಗಾರರು ಸುಗ್ಗಿ ಮುಗಿದ ಮೇಲೆ ಈ ಊರುಗಳಿಗೆ ಬರಲಿ. ಮುಂದಿನ ಕುರ್ಚಿಯಲ್ಲಿ ಕೂತರೆ ಮುಖಗಳು ಕಾಣುತ್ತವೆ. ಬದಿಗೆ, ಮೇಳದವರ ಪಕ್ಕ ನೆಲಕ್ಕೆ ಕೂತರೆ ಕಾಲುಗಳು ಕಾಣುತ್ತವೆ. ಅಲ್ಲೇ ದಪ್ಪು ಬಾರಿಸುವವನ ಹಿಂದೆ ಮಾಸ್ತರನೂ ನಿಂತಿರುತ್ತಾನೆ. ಅವನ ಬಾಯಿ ಸುಮ್ಮನಿರುತ್ತದೆ, ಬೆರಳು ತೊಡೆಯ ಮೇಲೆ ಪೆಟ್ಟು ಎಣಿಸುತ್ತಿರುತ್ತದೆ. ಹೆಸರು ಕೇಳಿ ಬರೆದುಕೊಳ್ಳಲಿ.