ಮಕ್ಕಳ ಬಿನ್ನಹಕ್ಕೆ ಲಿಂಕನ್ನನ ಉತ್ತರ: ಒಂದು ವಿಮರ್ಶೆ

ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರದಲ್ಲಿ ಭಕ್ತರು ಗಂಗೆಯ ಕೊಳದೆದುರು ಕೋರಿಕೆಯನ್ನು ನಿವೇದಿಸಿ, ನೀರಿನಿಂದ ಪ್ರಸಾದವು ಮೇಲೆದ್ದು ಬರುವುದನ್ನು ನಿರೀಕ್ಷಿಸಿ ನಿಲ್ಲುತ್ತಾರೆ. ಕೊಡುವ ಶಕ್ತಿ ಆ ತಾಯಿಗುಂಟೆಂಬುದರಲ್ಲಿ ಅವರಿಗೆ ಸಂದೇಹವಿಲ್ಲ. ಪ್ರಭುತ್ವಕ್ಕೆ ಸಲ್ಲಿಸುವ ಬಿನ್ನಹದ ಸ್ಥಿತಿ ಹೀಗಲ್ಲ. ಕೇಳಿದುದು ನ್ಯಾಯವಾಗಿದ್ದರೂ ಕೊಡುವ ಅಧಿಕಾರ ಕೇಳಿಸಿಕೊಂಡವನಲ್ಲಿ ಇಲ್ಲದಿರಬಹುದು. ಆಗ ಆತನು ಏನೆಂದು ಉತ್ತರಿಸಬೇಕು? ಅಮೆರಿಕದ ಅಧ್ಯಕ್ಷ ಅಬ್ರಹಾಂ ಲಿಂಕನ್ನನು 1864ರ ಏಪ್ರಿಲ್ 5ರಂದು ಬರೆದ ಕಿರುಪತ್ರವೊಂದು ಈ ದೃಷ್ಟಿಯಿಂದ ಪರಿಶೀಲನೆಗೆ ಅರ್ಹವಾಗಿದೆ.

ಮ್ಯಾಸಚೂಸೆಟ್ಸ್ ಸಂಸ್ಥಾನದ ಕಾನ್ಕಾರ್ಡ್ ಎಂಬ ಊರಿನ 195 ಮಂದಿ ಎಳೆಯರು, ಗುಲಾಮರ ಮಕ್ಕಳೆಲ್ಲರನ್ನೂ ಬಿಡುಗಡೆ ಮಾಡಬೇಕೆಂದು ಅಧ್ಯಕ್ಷನಿಗೆ ಬಿನ್ನವಿಸಿಕೊಂಡಿದ್ದರು. ಶಿಕ್ಷಣತಜ್ಞ ಹೊರೇಸ್ ಮ್ಯಾನ್‌ನ ಪತ್ನಿ ಮೇರಿ ಮ್ಯಾನ್ ಕಳುಹಿಸಿದ ಆ ಪತ್ರವನ್ನು ಸೆನೆಟ್ ಸದಸ್ಯ ಚಾರ್ಲ್ಸ್ ಸಮ್ನರ್ ತಲುಪಿಸಿದನು. ಮಕ್ಕಳ ಹೃದಯದ ನ್ಯಾಯಬುದ್ಧಿಯೂ ಅನುಕಂಪವೂ ತನಗೆ ಸಂತೋಷ ತಂದಿವೆಯೆಂದೂ, ಕೇಳಿದುದೆಲ್ಲವನ್ನೂ ಕೊಡುವ ಶಕ್ತಿ ತನಗಿಲ್ಲವೆಂದೂ, ಅದು ದೇವರಿಗುಂಟೆಂದೂ, ಆತನ ಸಂಕಲ್ಪವೂ ಹಾಗೆಯೇ ತೋರುತ್ತದೆಂದೂ ತಿಳಿಸಬೇಕೆಂದು ಲಿಂಕನ್ ಆ ಮಹಿಳೆಗೆ ಬರೆದನು.

ಇದನ್ನು ಮಕ್ಕಳ ಮನವೊಲಿಸುವ ಸವಿನುಡಿಯೆಂದು ಓದುವುದು ವಾಡಿಕೆ. ನಮಗೆ ಈ ಓದು ಸಾಲದೆನಿಸುತ್ತದೆ. ಹಿಂದಿನ ದಿನವೇ, ಏಪ್ರಿಲ್ 4ರಂದು, ಲಿಂಕನ್ ಕೆಂಟಕಿಯ ಪತ್ರಿಕಾ ಸಂಪಾದಕ ಆಲ್ಬರ್ಟ್ ಹಾಡ್ಜಸ್‌ಗೆ ದೀರ್ಘಪತ್ರವೊಂದನ್ನು ಬರೆದಿದ್ದನು. ಗುಲಾಮಗಿರಿ ಅನ್ಯಾಯವೆಂಬುದು ತನ್ನ ನಂಬಿಕೆಯಾದರೂ, ಆ ನಂಬಿಕೆಯಂತೆ ತನಗೆ ತೋಚಿದುದನ್ನೆಲ್ಲ ಮಾಡುವ ಹಕ್ಕನ್ನು ಅಧ್ಯಕ್ಷಪದವಿ ಕೊಡುವುದಿಲ್ಲವೆಂಬುದು ಅದರ ತಿರುಳು. 1863ರ ವಿಮೋಚನಾ ಘೋಷಣೆಯೂ ದಂಗೆಯೆದ್ದ ಪ್ರದೇಶಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಒಕ್ಕೂಟದಲ್ಲಿಯೇ ಉಳಿದಿದ್ದ ಕೆಂಟಕಿಯ ಗುಲಾಮ ಮಕ್ಕಳಿಗೆ ಅದರಿಂದ ಬಿಡುಗಡೆ ದೊರೆತಿರಲಿಲ್ಲ. ಹೀಗೆ ಸಂಪಾದಕನಿಗೆ ವಿವರವಾಗಿ ಹೇಳಿದ ಸತ್ಯವನ್ನೇ ಮರುದಿನ ಆತನು ಮಕ್ಕಳಿಗೆ ಒಂದು ವಾಕ್ಯದಲ್ಲಿ ಹೇಳಿದನು. ಎಳೆಯರೆಂದು ಹುಸಿ ಭರವಸೆ ಕೊಡಲಿಲ್ಲ. ಈ ಪತ್ರದ ನಿಜವಾದ ಸೌಜನ್ಯ ಇದೆಂದು ನಮ್ಮ ಅಭಿಪ್ರಾಯ.

ಆದರೆ ಒಂದು ಕೊರತೆಯನ್ನೂ ಹೇಳಬೇಕು. ತನ್ನಲ್ಲಿಲ್ಲದ ಅಧಿಕಾರ ದೇವರಲ್ಲಿದೆಯೆಂದ ಲಿಂಕನ್, ಅದು ಶಾಸನಸಭೆಯಲ್ಲಿಯೂ ಸಂಸ್ಥಾನಗಳಲ್ಲಿಯೂ ಇದೆಯೆಂದು ಹೇಳಲಿಲ್ಲ. ಅದೇ ಫೆಬ್ರವರಿಯಲ್ಲಿ, ಎಲಿಜಬೆತ್ ಸ್ಟ್ಯಾಂಟನ್, ಸೂಸನ್ ಆಂಥನಿ ಮೊದಲಾದ ಮಹಿಳೆಯರು ಕೂಡಿಸಿದ 1,00,000 ಸಹಿಗಳನ್ನು ಇದೇ ಸಮ್ನರ್ ಸೆನೆಟ್ಟಿನ ಮುಂದಿಟ್ಟಿದ್ದನು. ಲಿಂಕನ್ನನ ಪತ್ರದ ಮೂರನೆಯ ದಿನ, ಏಪ್ರಿಲ್ 8ರಂದು, ಗುಲಾಮಗಿರಿಯನ್ನು ರದ್ದುಪಡಿಸುವ ತಿದ್ದುಪಡಿಯನ್ನು ಸೆನೆಟ್ಟು 38–6 ಮತಗಳಿಂದ ಅಂಗೀಕರಿಸಿತು. ಪ್ರತಿನಿಧಿಸಭೆಯಲ್ಲಿ ಜೂನ್ ತಿಂಗಳಲ್ಲಿ ಸೋತ ಆ ತಿದ್ದುಪಡಿ 1865ರ ಜನವರಿ 31ರಂದು ಗೆದ್ದಿತು. ಡಿಸೆಂಬರಿನಲ್ಲಿ ಸಂವಿಧಾನದ ಭಾಗವಾಯಿತು. ಅದರ ಗೆಲುವಿಗಾಗಿ ಲಿಂಕನ್ ತಾನೇ ಶ್ರಮಿಸಿದನೆಂಬುದನ್ನು ಮರೆಯಲಾಗದು. ಅಷ್ಟು ಚೆನ್ನಾಗಿ ಬಲ್ಲ ದಾರಿಯನ್ನು ಮಕ್ಕಳಿಗೆ ತೋರಿಸದೆ ಬಿಟ್ಟನೆಂಬುದೇ ನಮ್ಮ ಆಕ್ಷೇಪ.

ಇಂದಿಗೂ ವಿದ್ಯಾರ್ಥಿಗಳು ಮನವಿಪತ್ರ ಹಿಡಿದು ಕಛೇರಿಗಳ ಮೆಟ್ಟಿಲೇರುತ್ತಾರೆ. ಪರಿಶೀಲಿಸೋಣವೆಂಬ ಮಾತನ್ನು ಕೇಳಿ ಹಿಂದಿರುಗುತ್ತಾರೆ. ತನ್ನಿಂದ ಆಗದೆಂದು ನೇರವಾಗಿ ಹೇಳಿದ ಲಿಂಕನ್ನನ ಉತ್ತರ ಅದಕ್ಕಿಂತ ಮೇಲು. ಯಾರಿಂದ ಆದೀತು, ಯಾವ ಬಾಗಿಲನ್ನು ತಟ್ಟಬೇಕು ಎಂಬುದನ್ನು ಕಲಿಸುವ ಹೊಣೆ ಇತಿಹಾಸದ ಅಧ್ಯಾಪಕರಾದ ನಮ್ಮ ಮೇಲಿದೆ.